ಹೊಟ್ಟೆಯಿಲ್ಲದ ಮೀನಿಗೆ ಎಷ್ಟು ಊಟ?

"ಸಾರ್, ದಿನಾ ಮೂರು ಹೊತ್ತು ಊಟ ಹಾಕಿದೀನಿ. ಎರಡು ದಿನಕ್ಕೊಂದ್ಸಲ ನೀರು ಬದಲಾಯಿಸಿದೀನಿ. ಆದ್ರೂ ಯಾಕೆ ಸತ್ತೋಯ್ತು?"

ಕಳೆದ ಜೂನ್‌ನಲ್ಲಿ ಶಾಲೆ ಆರಂಭವಾಗಿ ಎರಡು ವಾರ ಕಳೆದಿತ್ತು. ಬೆಳಗಿನ ಪ್ರಾರ್ಥನೆಗೂ ಮುಂಚೆ ಎಂಟನೆಯ ತರಗತಿಯ ಹುಡುಗಿಯೊಬ್ಬಳು ಪ್ರಯೋಗಾಲಯದ ಬಾಗಿಲಲ್ಲಿ ನಿಂತು ಕೇಳಿದ ಪ್ರಶ್ನೆ ಇದು. ಅವಳ ಕೈಯಲ್ಲಿ ಹಳೆಯದೊಂದು ಹಾರ್ಲಿಕ್ಸ್ ಬಾಟಲಿ. ಅದರೊಳಗಿನ ಗೋಲ್ಡ್‌ಫಿಶ್ ನೀರಿನ ಮೇಲ್ಮೈಗೆ ಬಾಯಿ ತಂದು ಗುಟುಕು ಗುಟುಕಾಗಿ ಗಾಳಿ ಎಳೆಯುತ್ತಿತ್ತು. ಹುಟ್ಟುಹಬ್ಬಕ್ಕೆ ಅಪ್ಪ ತಂದುಕೊಟ್ಟ ಜೋಡಿಯಲ್ಲಿ ಉಳಿದದ್ದು ಇದೊಂದೇ. ಇನ್ನೊಂದು ಹಿಂದಿನ ರಾತ್ರಿ ಸತ್ತಿತ್ತು. ಹುಡುಗಿ ಅಳುತ್ತಿರಲಿಲ್ಲ. ಅತ್ತಿದ್ದರೆ ನನಗೆ ಸುಲಭವಾಗುತ್ತಿತ್ತು, ಏನೋ ಸಮಾಧಾನ ಹೇಳಿ ತರಗತಿಗೆ ಕಳುಹಿಸಬಹುದಿತ್ತು. ಅವಳಿಗೆ ಬೇಕಾಗಿದ್ದದ್ದು ಉತ್ತರ.

ಉತ್ತರ ನನಗೆ ಗೊತ್ತಿತ್ತು. ಆದರೆ ಅದು ಗೊತ್ತಾದ ಬಗೆ ಹೇಳಿಕೊಳ್ಳುವಂಥದ್ದಲ್ಲ. ಸುಮಾರು ಇಪ್ಪತ್ತು ವರ್ಷಗಳ ಹಿಂದೆ, ಬೇರೊಂದು ಊರಿನಲ್ಲಿದ್ದಾಗ, ಮಕ್ಕಳಿಗೆ ಕಿವಿರು ಹೇಗೆ ಕೆಲಸ ಮಾಡುತ್ತದೆಂದು ತೋರಿಸಲು ನಾಲ್ಕು ಗೋಲ್ಡ್‌ಫಿಶ್ ತಂದು ಗಾಜಿನ ಬೋಗುಣಿಯಲ್ಲಿ ಇಟ್ಟಿದ್ದೆ. ಪ್ರತಿ ಶನಿವಾರ ಬೋಗುಣಿಯನ್ನು, ಅದರೊಳಗಿನ ಕಲ್ಲುಗಳನ್ನು ಸೋಪಿನ ಪುಡಿ ಹಾಕಿ ಫಳಫಳ ಹೊಳೆಯುವಂತೆ ತೊಳೆಸುತ್ತಿದ್ದೆ. ಐದು ವಾರಗಳಲ್ಲಿ ನಾಲ್ಕೂ ಸತ್ತವು. "ಬಿಸಿಲಿನ ಝಳ ಜಾಸ್ತಿ" ಎಂದು ಮಕ್ಕಳಿಗೆ ಕಾರಣ ಹೇಳಿದೆ. ಅದೇ ತಿಂಗಳು ಕಪ್ಪುಹಲಗೆಯ ಮೇಲೆ ಸಾರಜನಕ ಚಕ್ರದ ಚಿತ್ರ ಬರೆದು, ಅಮೋನಿಯಾ ನೈಟ್ರೈಟ್ ಆಗುವುದನ್ನೂ ನೈಟ್ರೈಟ್ ನೈಟ್ರೇಟ್ ಆಗುವುದನ್ನೂ ಬಾಣದ ಗುರುತು ಹಾಕಿ ವಿವರಿಸಿದ್ದೆ. ಅದೇ ಚಕ್ರ ನನ್ನ ಬೆನ್ನ ಹಿಂದಿನ ಬೋಗುಣಿಯಲ್ಲಿ ಮುರಿದುಬಿದ್ದಿದೆ ಎಂಬುದು ನನಗೆ ಹೊಳೆಯಲೇ ಇಲ್ಲ.

ಆದ್ದರಿಂದ ಈ ಸಲ ಮೊದಲು ಮೀನಿನ ಊಟದ ಲೆಕ್ಕ ಹಾಕಿದೆವು. ಹುಡುಗಿ ಬ್ಯಾಗಿನಲ್ಲಿ ಆಹಾರದ ಡಬ್ಬಿಯನ್ನೂ ತಂದಿದ್ದಳು. ಮನೆಯಲ್ಲಿ ಹಾಕುವಂತೆಯೇ ಹತ್ತು ಚಿಟಿಕೆ ತೆಗೆದು ಕಾಗದದ ಮೇಲೆ ಹಾಕಲು ಹೇಳಿ, ಪ್ರಯೋಗಾಲಯದ ತಕ್ಕಡಿಯಲ್ಲಿ ತೂಗಿದೆ. ಸುಮಾರು 2 ಗ್ರಾಂ ಬಂತು. ಅಂದರೆ ಒಂದು ಚಿಟಿಕೆಗೆ 0.2 ಗ್ರಾಂ, ಮೂರು ಹೊತ್ತಿಗೆ 0.6 ಗ್ರಾಂ. ಅವಳ ಮೀನುಗಳು ಎರಡು ಅಂಗುಲದ ಮರಿಗಳು. ಅವುಗಳ ತೂಕ ತಲಾ 5 ಗ್ರಾಂ ಎಂದಿಟ್ಟುಕೊಳ್ಳಿ. ಇಂಥ ಮೀನಿಗೆ ದಿನಕ್ಕೆ ತನ್ನ ತೂಕದ ನೂರಕ್ಕೆ ಒಂದರಿಂದ ಎರಡು ಭಾಗದಷ್ಟು ಒಣ ಆಹಾರ ಸಾಕು. ಎರಡು ಮೀನಿಗೂ ಸೇರಿ ಹೆಚ್ಚೆಂದರೆ 0.2 ಗ್ರಾಂ ಆಯಿತು. ಇಡೀ ದಿನಕ್ಕೆ ಒಂದೇ ಚಿಟಿಕೆ! ಅವಳು ಪ್ರೀತಿಯಿಂದ ಮೂರು ಪಟ್ಟು ಬಡಿಸಿದ್ದಳು.

"ಜಾಸ್ತಿ ಆದ್ರೆ ಬಿಡಬಹುದಿತ್ತಲ್ಲ ಸಾರ್, ನಾವು ಬಿಡಲ್ವಾ?" ಎಂದಳು. ಒಳ್ಳೆಯ ಪ್ರಶ್ನೆಯೇ. ಗೋಲ್ಡ್‌ಫಿಶ್ ಬಿಡುವುದಿಲ್ಲ. ಅದಕ್ಕೆ ನಮ್ಮ ಹಾಗೆ ಜಠರವಿಲ್ಲ. ರೋಹು, ಕಾಟ್ಲಾ, ಮಹಶೀರ್ ಮೀನುಗಳಂತೆ ಇದೂ ಗೆಂಡೆ ಮೀನಿನ ಕುಟುಂಬಕ್ಕೆ ಸೇರಿದ್ದು. ಈ ಕುಟುಂಬದ ಮೀನುಗಳ ಬಾಯಲ್ಲಿ ಹಲ್ಲಿಲ್ಲ, ಹಲ್ಲಿರುವುದು ಗಂಟಲಲ್ಲಿ. ಅಲ್ಲಿ ಅರೆದ ಆಹಾರ ನೇರವಾಗಿ ಉದ್ದನೆಯ ಕರುಳಿಗೆ ಇಳಿಯುತ್ತದೆ. ಕೂಡಿಟ್ಟು ನಿಧಾನವಾಗಿ ಜೀರ್ಣಿಸಿಕೊಳ್ಳುವ ಚೀಲವೇ ಇಲ್ಲವಾದ್ದರಿಂದ, ಕೆರೆಯ ತಳದ ಕೆಸರನ್ನು ದಿನವಿಡೀ ಕೆದಕುತ್ತ, ಸಿಕ್ಕಿದ್ದನ್ನು ಚೂರುಚೂರೇ ತಿನ್ನುತ್ತ ಹೋಗುವುದು ಇದರ ಹುಟ್ಟುಗುಣ. ಗಾಜಿನಾಚೆ ನೀವು ಕಂಡೊಡನೆ ಬಾಲ ಅಲ್ಲಾಡಿಸಿಕೊಂಡು ಓಡಿ ಬರುವುದಕ್ಕೆ ಹಸಿವೆಯೊಂದೇ ಕಾರಣವಲ್ಲ. ನೀವು ಬಂದರೆ ಊಟ ಬರುತ್ತದೆ ಎಂಬುದನ್ನು ಅದು ಕಲಿತಿದೆ. ಗೋಲ್ಡ್‌ಫಿಶ್‌ನ ನೆನಪು ಮೂರೇ ಸೆಕೆಂಡಿನದು ಎಂಬ ಮಾತು ಶುದ್ಧ ಸುಳ್ಳು. ಬೇಕಿದ್ದರೆ ಎರಡು ವಾರ, ಊಟ ಹಾಕುವ ಮುನ್ನ ಗಾಜಿಗೆ ಮೆಲ್ಲಗೆ ಎರಡು ಸಲ ಬೆರಳು ತಾಗಿಸಿ ನೋಡಿ. ಮೂರನೆಯ ವಾರ ಬೆರಳು ತಾಗಿಸಿದರೆ ಸಾಕು, ಮೀನು ಮೂಲೆಗೆ ಬಂದು ಕಾಯುತ್ತಿರುತ್ತದೆ.

ಇನ್ನು ಈ ಊಟ ವಿಷವಾಗುವ ಲೆಕ್ಕ. ವಿದ್ಯಾರ್ಥಿಗಳು ಪೆನ್ಸಿಲ್ ಹಿಡಿದು ಕುಳಿತರೆ ಒಳ್ಳೆಯದು. ಸಾಧಾರಣ ಮೀನಿನ ಆಹಾರದಲ್ಲಿ ನೂರಕ್ಕೆ 35 ಭಾಗ ಪ್ರೋಟೀನ್ ಇರುತ್ತದೆ ಎನ್ನಿ. ಪ್ರೋಟೀನಿನಲ್ಲಿ ನೂರಕ್ಕೆ ಸುಮಾರು 16 ಭಾಗ ಸಾರಜನಕ. ಹಾಗಾದರೆ 1 ಗ್ರಾಂ ಆಹಾರದಲ್ಲಿರುವ ಸಾರಜನಕ 56 ಮಿಲಿಗ್ರಾಂ. ಇದರಲ್ಲಿ ಮೀನಿನ ಮೈಗೆ ಹತ್ತುವುದು ಸ್ವಲ್ಪ, ಬಹುಭಾಗ ಅಮೋನಿಯಾ ಆಗಿ ಕಿವಿರುಗಳ ಮೂಲಕವೇ ನೀರಿಗೆ ಸೇರುತ್ತದೆ. ತಿನ್ನದೆ ಉಳಿದ ಚೂರುಗಳು ಕೊಳೆತಾಗ ಹೊರಬರುವುದೂ ಅದೇ ಅಮೋನಿಯಾ. ಉದಾರವಾಗಿ ಅರ್ಧ ಭಾಗವನ್ನಷ್ಟೇ ಹಿಡಿದರೂ 28 ಮಿಲಿಗ್ರಾಂ ಆಯಿತು. ಹುಡುಗಿಯ ಬೋಗುಣಿಯಲ್ಲಿ ಹಿಡಿಯುತ್ತಿದ್ದದ್ದು 4 ಲೀಟರ್ ನೀರು. ಭಾಗಿಸಿ: ಲೀಟರಿಗೆ 7 ಮಿಲಿಗ್ರಾಂ. ಆ ಒಂದು ಗ್ರಾಂ ಆಹಾರವನ್ನು ಅವಳು ಎರಡು ದಿನದೊಳಗೆ ಹಾಕಿ ಮುಗಿಸುತ್ತಿದ್ದಳು.

ನೀರಿನಲ್ಲಿ ಅಮೋನಿಯಾ ಎರಡು ರೂಪದಲ್ಲಿರುತ್ತದೆ. ಅಮೋನಿಯಂ ಅಯಾನಿನ ರೂಪ ಅಷ್ಟೇನೂ ಅಪಾಯಕಾರಿಯಲ್ಲ, ಬಿಡಿ ಅಮೋನಿಯಾ ಮಾತ್ರ ಘೋರ ವಿಷ. ನೀರು ಹೆಚ್ಚು ಕ್ಷಾರವಾದಷ್ಟೂ ಬಿಸಿಯಾದಷ್ಟೂ ಬಿಡಿ ಅಮೋನಿಯಾದ ಪಾಲು ಏರುತ್ತದೆ. ಪಿಎಚ್ 7 ಇದ್ದು ಉಷ್ಣತೆ 25 ಡಿಗ್ರಿ ಸೆಲ್ಸಿಯಸ್ ಇದ್ದರೆ ಅದರ ಪಾಲು ನೂರಕ್ಕೆ ಒಂದಕ್ಕಿಂತ ಕಡಿಮೆ. ಪಿಎಚ್ 8ಕ್ಕೆ ಏರಿದರೆ ಅದೇ ಉಷ್ಣತೆಯಲ್ಲಿ ನೂರಕ್ಕೆ ಐದಕ್ಕೂ ಹೆಚ್ಚು. ನಮ್ಮ ಬಯಲುಸೀಮೆಯ ಅನೇಕ ಊರುಗಳ ಕೊಳವೆಬಾವಿಯ ಗಡಸು ನೀರಿನ ಪಿಎಚ್ 8ರ ಆಸುಪಾಸಿನಲ್ಲೇ ಇರುತ್ತದೆ. ಲೀಟರಿಗೆ 7 ಮಿಲಿಗ್ರಾಂನಲ್ಲಿ ನೂರಕ್ಕೆ ಐದು ಎಂದರೆ 0.35 ಮಿಲಿಗ್ರಾಂ. ಮೀನುಗಳಿಗೆ ಸುರಕ್ಷಿತ ಎಂದು ಮೀನುಗಾರಿಕೆಯವರು ಇಟ್ಟುಕೊಳ್ಳುವ ಮಿತಿ ಸುಮಾರು 0.02 ಮಿಲಿಗ್ರಾಂ. ಹದಿನೇಳು ಪಟ್ಟು! ಕಿವಿರಿನ ತೆಳುಪೊರೆ ಸುಟ್ಟುಹೋದ ಮೀನು ಗಾಳಿಗಾಗಿ ಮೇಲೆ ಬಂದು ಬಾಯಿ ಕಳೆಯುತ್ತದೆ. "ಪಾಪ, ಹಸಿದಿದೆ" ಎಂದು ನಾವು ಇನ್ನೊಂದು ಚಿಟಿಕೆ ಹಾಕುತ್ತೇವೆ.

ಇಲ್ಲಿ ಹಿರಿಯರಿಗೆ ಒಂದು ಅನುಮಾನ ಬರಬಹುದು. ಶೃಂಗೇರಿಯಲ್ಲಿ ತುಂಗೆಯ ಮೆಟ್ಟಿಲ ಮೇಲೆ ನಿಂತು ನಾವೆಲ್ಲ ಮೀನುಗಳಿಗೆ ಮಂಡಕ್ಕಿ ಎರಚಿದವರೇ. ಅಲ್ಲಿನ ಮಹಶೀರ್‌ಗಳು ಮಂಡಕ್ಕಿ ತಿಂದು ಮೊಳಕೈ ಉದ್ದ ಬೆಳೆದಿಲ್ಲವೇ? ಬೆಳೆದಿವೆ. ಆದರೆ ತುಂಗೆ ಹರಿಯುವ ನದಿ. ಮೀನು ಬಿಟ್ಟ ಅಮೋನಿಯಾವನ್ನು ಅದು ಆಗಿಂದಾಗ್ಗೆ ಕೊಚ್ಚಿಕೊಂಡು ಹೋಗುತ್ತದೆ, ಕಲ್ಲುಬಂಡೆಗಳ ಪಾಚಿಯೂ ಬ್ಯಾಕ್ಟೀರಿಯಾಗಳೂ ಹಗಲಿರುಳು ನೀರನ್ನು ಶುದ್ಧಮಾಡುತ್ತವೆ. ಅಲ್ಲದೆ ಆ ಮೀನುಗಳು ಮಂಡಕ್ಕಿಯನ್ನೇ ನಂಬಿ ಬದುಕಿದವಲ್ಲ, ನದಿಯ ಹುಳ, ಹಣ್ಣು, ಪಾಚಿ ಅವುಗಳ ನಿಜವಾದ ಊಟ. ನಮ್ಮ ಬೋಗುಣಿ ಬಾಗಿಲು ಕಿಟಕಿ ಮುಚ್ಚಿದ ಕೋಣೆಯಿದ್ದಂತೆ. ಅಲ್ಲಿ ಹಾಕಿದ್ದೆಲ್ಲ ಅಲ್ಲೇ ಉಳಿಯುತ್ತದೆ.

ಹಾಗಾದರೆ ತೊಟ್ಟಿಯಲ್ಲಿ ತುಂಗೆಯ ಕೆಲಸ ಮಾಡುವವರು ಯಾರು? ನಾನು ಶನಿವಾರ ಶನಿವಾರ ಸೋಪು ಹಾಕಿ ತೊಳೆದು ಕೊಲ್ಲುತ್ತಿದ್ದೆನಲ್ಲ, ಆ ಬ್ಯಾಕ್ಟೀರಿಯಾಗಳು. 1890ರ ಸುಮಾರಿಗೆ ರಷ್ಯದ ವಿಜ್ಞಾನಿ ಸೆರ್ಗೈ ವಿನೊಗ್ರಾಡ್‌ಸ್ಕಿ, ಅಮೋನಿಯಾವನ್ನು ನೈಟ್ರೈಟಾಗಿಯೂ ನೈಟ್ರೈಟನ್ನು ನೈಟ್ರೇಟಾಗಿಯೂ ಮಾರ್ಪಡಿಸಿ ಅದರಿಂದಲೇ ಬದುಕುವ ಬ್ಯಾಕ್ಟೀರಿಯಾಗಳು ಮಣ್ಣಿನಲ್ಲಿವೆ ಎಂದು ತೋರಿಸಿಕೊಟ್ಟರು. ನಮ್ಮ ಪಠ್ಯಪುಸ್ತಕಗಳು ಎರಡನೆಯ ಕೆಲಸವನ್ನು ನೈಟ್ರೊಬ್ಯಾಕ್ಟರ್‌ಗೆ ವಹಿಸಿಬಿಟ್ಟಿವೆ. ಆದರೆ ಸಿಹಿನೀರಿನ ಅಕ್ವೇರಿಯಂಗಳಲ್ಲಿ ಆ ಕೆಲಸ ಮಾಡುವುದು ಮುಖ್ಯವಾಗಿ ನೈಟ್ರೊಸ್ಪೈರ ಎಂದು 1998ರಲ್ಲಿ ತಿಳಿದುಬಂತು. ಎರಡೂ ಕೆಲಸಗಳನ್ನು ಒಂದೇ ಜೀವಿ ಮಾಡಬಲ್ಲದು ಎಂಬುದು 2015ರಲ್ಲಿ ಗೊತ್ತಾಯಿತು. ಅಂಥ ಬ್ಯಾಕ್ಟೀರಿಯಾ ಸಿಕ್ಕಿದ್ದರಲ್ಲಿ ಒಂದು ಜಾಗ ಮೀನು ಸಾಕಣೆಯ ನೀರು ಶೋಧಕವೇ! ಪರೀಕ್ಷೆಯಲ್ಲಿ ಮಾತ್ರ ಮಕ್ಕಳು ಪಠ್ಯಪುಸ್ತಕದಲ್ಲಿರುವಂತೆಯೇ ಬರೆಯಲಿ, ಅಂಕ ಕೊಡುವವರು ನಾನೊಬ್ಬನೇ ಅಲ್ಲ.

ಈ ಜೀವಿಗಳು ನೀರಿನಲ್ಲಿ ತೇಲುವುದಕ್ಕಿಂತ ಹೆಚ್ಚಾಗಿ ಶೋಧಕದ ಸ್ಪಂಜು, ಕಲ್ಲು, ಗಾಜಿಗೆ ಅಂಟಿಕೊಂಡಿರುತ್ತವೆ. ಬೆಳವಣಿಗೆ ಬಲು ನಿಧಾನ. ಹೊಸ ತೊಟ್ಟಿಯಲ್ಲಿ ಸಾಕಷ್ಟು ಸಂಖ್ಯೆಗೆ ಬರಲು ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ತೊಟ್ಟಿ, ಮೀನು ಎರಡನ್ನೂ ಒಂದೇ ದಿನ ಕೊಂಡು ಸಂಜೆಯೇ ಮೀನು ಬಿಟ್ಟರೆ ಅದು ಎರಡನೆಯ ವಾರದಲ್ಲಿ ಸಾಯುವುದು ಇದೇ ಕಾರಣಕ್ಕೆ. ಆ ಹೊತ್ತಿಗೆ ಅಮೋನಿಯಾ ಏರಿರುತ್ತದೆ, ಅದು ಇಳಿಯತೊಡಗಿದಾಗ ನೈಟ್ರೈಟ್ ಏರುತ್ತದೆ. ನೈಟ್ರೈಟ್ ರಕ್ತದ ಹೀಮೊಗ್ಲೋಬಿನನ್ನೇ ಕೆಡಿಸುವುದರಿಂದ, ನೀರಿನಲ್ಲಿ ಆಮ್ಲಜನಕವಿದ್ದರೂ ಮೀನಿಗೆ ಉಸಿರು ಕಟ್ಟುತ್ತದೆ. ಇದಕ್ಕೆ ಉಪಾಯ ನಮ್ಮ ಅಡುಗೆಮನೆಯಲ್ಲೇ ಇದೆ. ಹಾಲಿಗೆ ಹೆಪ್ಪು ಹಾಕುವುದಿಲ್ಲವೇ? ವರ್ಷಗಟ್ಟಲೆ ಆರೋಗ್ಯವಾಗಿ ಮೀನು ಸಾಕಿರುವವರ ತೊಟ್ಟಿಯಿಂದ ಶೋಧಕದ ಸ್ಪಂಜಿನ ಒಂದು ತುಂಡನ್ನು ಒದ್ದೆಯಾಗಿಯೇ ತಂದು ನಿಮ್ಮ ಶೋಧಕಕ್ಕೆ ಸೇರಿಸಿ. ಆರು ವಾರದ ಕೆಲಸ ಎಷ್ಟೋ ಬೇಗ ಆಗುತ್ತದೆ. ಅನಂತರ ಆ ಸ್ಪಂಜನ್ನು ನಲ್ಲಿಯ ಕೆಳಗೆ ಹಿಡಿದು ತೊಳೆಯಬಾರದು. ತೊಟ್ಟಿಯಿಂದಲೇ ತೆಗೆದ ನೀರಿನಲ್ಲಿ ಅದ್ದಿ ಹಿಂಡಿದರೆ ಸಾಕು. ಕಂದುಬಣ್ಣದ ಜಿಡ್ಡು ಸ್ವಲ್ಪ ಉಳಿದರೆ ಉಳಿಯಲಿ. ಅಮ್ಮಂದಿರಿಗೆ ಇದು ಹಿಡಿಸುವುದಿಲ್ಲ, ಬಲ್ಲೆ.

ಬಾಟಲಿಯಲ್ಲಿದ್ದ ಆ ಮೀನಿಗೆ ಅಂದು ಬೆಳಿಗ್ಗೆ ಮಾಡಿದ್ದು ಇಷ್ಟೇ. ಪ್ರಯೋಗಾಲಯದಲ್ಲಿ ಹಿಂದಿನ ದಿನ ಹಿಡಿದಿಟ್ಟಿದ್ದ ಒಂದು ಬಕೆಟ್ ನೀರಿಗೆ ಹೈಪೋದ, ಎಂದರೆ ಸೋಡಿಯಂ ಥಯೋಸಲ್ಫೇಟಿನ, ಒಂದೆರಡು ಸಣ್ಣ ಹರಳು ಹಾಕಿ ಕದಡಿದೆ. ಆ ನೀರನ್ನು ಲೋಟದಿಂದ ಸ್ವಲ್ಪ ಸ್ವಲ್ಪವೇ ಬಾಟಲಿಗೆ ಸೇರಿಸುತ್ತ ಬಂದು, ಅರ್ಧ ಗಂಟೆಯ ಮೇಲೆ ಮೀನನ್ನು ಬಕೆಟ್ಟಿಗೆ ಬಿಟ್ಟೆವು. ಮೇಲಿನಿಂದ ಗಾಳಿ ಪಂಪಿನ ಗುಳ್ಳೆ. ಎರಡು ದಿನ ಪೂರ್ಣ ಉಪವಾಸ. ಹೈಪೋ ಯಾಕೆಂದರೆ, ನಗರಸಭೆಯ ನಲ್ಲಿಯಲ್ಲಿ ಬರುವ ನೀರಿನ ಕ್ಲೋರಿನ್ ಕಿವಿರನ್ನೂ ಬ್ಯಾಕ್ಟೀರಿಯಾವನ್ನೂ ಒಟ್ಟಿಗೇ ಸುಡುತ್ತದೆ. ಅಗಲ ಬಾಯಿಯ ಪಾತ್ರೆಯಲ್ಲಿ ಒಂದು ದಿನ ತೆರೆದಿಟ್ಟರೆ ಕ್ಲೋರಿನ್ ಬಹುಮಟ್ಟಿಗೆ ಹೋಗುತ್ತದೆ. ಕ್ಲೋರಿನ್ ಬದಲಿಗೆ ಕ್ಲೋರಮೀನ್ ಬೆರೆಸಿದ್ದರೆ ಹಾಗೆ ಹೋಗುವುದಿಲ್ಲ, ಅಂಗಡಿಯಲ್ಲಿ ಸಿಗುವ ನೀರು ಶುದ್ಧಿಯ ದ್ರಾವಣವೇ ಬೇಕು. ಕೊಳವೆಬಾವಿಯ ನೀರಿನಲ್ಲಿ ಕ್ಲೋರಿನ್ ಇಲ್ಲದಿದ್ದರೂ ಆಮ್ಲಜನಕ ಕಡಿಮೆ ಇರಬಹುದು, ಅದನ್ನೂ ಒಂದು ರಾತ್ರಿ ತೆರೆದಿಡಿ. ಈಗ ಮನೆಮನೆಯಲ್ಲೂ ಇರುವ ಆರ್‌ಓ ಯಂತ್ರದ ನೀರು "ಶುದ್ಧ"ವೆಂದು ಅದನ್ನಷ್ಟೇ ತುಂಬುವವರಿದ್ದಾರೆ. ಅದು ತಪ್ಪು. ಅದರಲ್ಲಿ ಲವಣಗಳೇ ಇಲ್ಲದಷ್ಟು ಕಡಿಮೆ, ಮೀನಿಗೂ ಬೇಡ, ಬ್ಯಾಕ್ಟೀರಿಯಾಕ್ಕೂ ಬೇಡ.

ಇನ್ನು ಒಳ್ಳೆಯ ಆಹಾರವನ್ನು ಆರಿಸುವ ವಿಚಾರ. ಹುಡುಗಿಯ ಡಬ್ಬಿಯ ಮೇಲೆ ಬಣ್ಣದ ಮೀನಿನ ಚಿತ್ರವಿತ್ತು, ಬೆಲೆಯಿತ್ತು. ಏನೇನು ಸೇರಿದೆ ಎಂಬ ಪಟ್ಟಿ ಇರಲಿಲ್ಲ, ತಯಾರಾದ ತಾರೀಖೂ ಇರಲಿಲ್ಲ. ದೊಡ್ಡ ಚೀಲದಿಂದ ತೆಗೆದು ಚಿಕ್ಕ ಡಬ್ಬಿಗಳಿಗೆ ತುಂಬಿ ಮಾರುವ ಸರಕು ಹೀಗಿರುತ್ತದೆ. ಅಗ್ಗ ನಿಜ, ಆದರೆ ಎಷ್ಟು ಹಳೆಯದೆಂದು ಯಾರಿಗೂ ತಿಳಿಯದು. ಪಟ್ಟಿಯಿರುವ ಡಬ್ಬಿಯಲ್ಲಿ ಪದಾರ್ಥಗಳನ್ನು ಸಾಮಾನ್ಯವಾಗಿ ತೂಕದ ಇಳಿಕೆಯ ಕ್ರಮದಲ್ಲಿ ಬರೆದಿರುತ್ತಾರೆ. ಮೊದಲ ಎರಡು ಮೂರು ಹೆಸರುಗಳಲ್ಲಿ ಒಣಮೀನಿನ ಪುಡಿ, ಸೀಗಡಿ ಪುಡಿ, ಸ್ಪಿರುಲಿನ ಇದ್ದರೆ ಒಳ್ಳೆಯದು. ಮೊದಲ ಹೆಸರೇ ಗೋಧಿ ಹಿಟ್ಟು, ಮುಂದಿನದು ಇನ್ನೊಂದು ಹಿಟ್ಟು, ಕೊನೆಯಲ್ಲಿ ಬಣ್ಣ ಎಂದಿದ್ದರೆ ಅಲ್ಲಿಯೇ ಇಟ್ಟು ಬನ್ನಿ. ಸ್ವಲ್ಪ ಹಿಟ್ಟು ಕಾಳು ಕಟ್ಟಲು ಬೇಕೇ ಬೇಕು, ಅದು ಮೋಸವಲ್ಲ. ಪ್ರೋಟೀನ್ ನೂರಕ್ಕೆ 30ರಿಂದ 40ರವರೆಗೆ ಇರಲಿ. ಮರಿಗಳಿಗೆ ಮೇಲಿನ ಅಂಕಿ, ದೊಡ್ಡವಕ್ಕೆ ಕೆಳಗಿನದು. ಹೆಚ್ಚು ಪ್ರೋಟೀನ್ ಎಂದರೆ ಹೆಚ್ಚು ಒಳ್ಳೆಯದು ಎಂದುಕೊಳ್ಳಬೇಡಿ. ಮೈಗೆ ಹತ್ತದ ಪ್ರೋಟೀನೆಲ್ಲ ಮೇಲೆ ಹೇಳಿದ ಲೆಕ್ಕದಂತೆ ಅಮೋನಿಯಾವೇ.

ಬಣ್ಣದ ಬಗ್ಗೆ ಒಂದು ಮಾತು. ಗೋಲ್ಡ್‌ಫಿಶ್‌ನ ಕೇಸರಿ ಬಣ್ಣಕ್ಕೆ ಕಾರಣವಾದ ಕ್ಯಾರೊಟಿನಾಯ್ಡ್‌ಗಳನ್ನು ಮೀನು ತಾನೇ ತಯಾರಿಸಿಕೊಳ್ಳಲಾರದು, ಅವು ಊಟದಿಂದ ಬರಬೇಕು. ಸೀಗಡಿ, ಸ್ಪಿರುಲಿನ, ಪಾಚಿಗಳಲ್ಲಿ ಅವು ಇವೆ. ಆಹಾರದ ಕಾಳುಗಳಿಗೆ ಬಳಿದ ಕೆಂಪು, ಹಸಿರು ಬಣ್ಣ ನೋಡಿ ಮರುಳಾಗುವವರು ನಾವು, ಮೀನಲ್ಲ.

ಕೊಳ್ಳುವುದಾದರೆ ಎರಡು ಮೂರು ತಿಂಗಳಿಗೆ ಸಾಕಾಗುವಷ್ಟು ಚಿಕ್ಕ ಡಬ್ಬಿ ಕೊಳ್ಳಿ. ತೆರೆದ ಮೇಲೆ ಜೀವಸತ್ವಗಳು, ಅದರಲ್ಲೂ ಸಿ ಜೀವಸತ್ವ, ನಶಿಸುತ್ತ ಹೋಗುತ್ತವೆ. ಕೊಬ್ಬು ಕಮಟು ಹಿಡಿಯುತ್ತದೆ. ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ಬೂಷ್ಟೂ ಬರುತ್ತದೆ. ಕಮಟು ವಾಸನೆ ಬಂದದ್ದನ್ನು "ಮೀನಿಗೇನು ಗೊತ್ತಾಗುತ್ತೆ" ಎಂದು ಹಾಕಬಾರದು. ತೊಟ್ಟಿಯ ದೀಪದ ಮೇಲೆ ಡಬ್ಬಿ ಇಡುವ ಅಭ್ಯಾಸವನ್ನೂ ಬಿಡಿ, ಅಲ್ಲಿ ಶಾಖ, ತೇವ ಎರಡೂ ಇವೆ. ಮನೆಯಲ್ಲೇ ಮಾಡಬಹುದಾದ ಒಂದು ಪರೀಕ್ಷೆಯೂ ಇದೆ. ಗಾಜಿನ ಲೋಟದ ನೀರಿಗೆ ನಾಲ್ಕು ಕಾಳು ಹಾಕಿ ಕಾಲು ಗಂಟೆ ಬಿಡಿ. ಮೆತ್ತಗಾಗಿಯೂ ಕಾಳು ಕಾಳಾಗಿಯೇ ಉಳಿದು ನೀರು ತಿಳಿಯಾಗಿದ್ದರೆ ಸರಿ. ಕರಗಿ ಗಂಜಿಯಾದರೆ ತೊಟ್ಟಿಯಲ್ಲೂ ಹಾಗೆಯೇ ಆಗುತ್ತದೆ.

ಕಾಳೋ ಚಕ್ಕೆಯೋ, ತೇಲುವುದೋ ಮುಳುಗುವುದೋ ಎಂದು ಕೇಳುವವರುಂಟು. ಉದ್ದ ಮೈಯ ಸಾಮಾನ್ಯ ಗೋಲ್ಡ್‌ಫಿಶ್‌ಗೆ ಯಾವುದಾದರೂ ನಡೆದೀತು. ಆದರೆ ಒರಾಂಡ, ಫ್ಯಾನ್‌ಟೇಲ್, ಬ್ಲ್ಯಾಕ್ ಮೂರ್‌ಗಳಂಥ ಗುಂಡು ಮೈಯವಕ್ಕೆ ಮುಳುಗುವ ಕಾಳು ವಾಸಿ. ಮನುಷ್ಯರು ಚಂದಕ್ಕಾಗಿ ಆರಿಸಿ ಆರಿಸಿ ಕುಗ್ಗಿಸಿದ ಆ ದೇಹದಲ್ಲಿ ಕರುಳು, ಈಜುಚೀಲ ಎಲ್ಲವೂ ಇಕ್ಕಟ್ಟಿನಲ್ಲಿವೆ. ಮೇಲೆ ತೇಲುವುದನ್ನು ತಿನ್ನುವಾಗ ಗಾಳಿ ನುಂಗಿ, ಮಲಬದ್ಧತೆಯಾಗಿ, ಪಕ್ಕಕ್ಕೆ ಒರಗಿ ತೇಲತೊಡಗುತ್ತವೆ ಎಂಬುದು ಬಹುಕಾಲ ಸಾಕಿದವರ ಅನುಭವ. ಒಣ ಕಾಳನ್ನು ಹಾಕುವ ಮುನ್ನ ತೊಟ್ಟಿಯ ನೀರಿನಲ್ಲೇ ಒಂದು ನಿಮಿಷ ನೆನೆಸಿ. ಹೀಗೆ ಒರಗಿದ ಮೀನಿಗೆ ಒಂದೆರಡು ದಿನ ಉಪವಾಸ ಹಾಕಿ, ಅನಂತರ ಬೇಯಿಸಿ ಸಿಪ್ಪೆ ಸುಲಿದ ಹಸಿ ಬಟಾಣಿಯ ಚೂರು ಕೊಟ್ಟರೆ ಹಲವು ಸಲ ಸರಿಹೋಗುತ್ತದೆ. ಎಲ್ಲ ಸಲವೂ ಅಲ್ಲ.

ಬಟಾಣಿ ಔಷಧ ಮಾತ್ರವಲ್ಲ, ಊಟವೂ ಹೌದು. ಗೋಲ್ಡ್‌ಫಿಶ್ ಮಿಶ್ರಾಹಾರಿ. ವಾರಕ್ಕೆ ಎರಡು ಸಲ ಕುದಿನೀರಿನಲ್ಲಿ ಬಾಡಿಸಿದ ಪಾಲಕ್ ಎಲೆಯನ್ನೋ ಸೌತೆಯ ತೆಳು ಬಿಲ್ಲೆಯನ್ನೋ ಕೊಡಬಹುದು. ಉಪ್ಪು ಒಗ್ಗರಣೆ ಬೇಡ. ಸೊಳ್ಳೆ ಮರಿಗಳು ಇವಕ್ಕೆ ಪರಮಾನ್ನ, ಆದರೆ ಚರಂಡಿಯಿಂದ ಹಿಡಿದು ತರಬೇಡಿ. ಅಂಗಡಿಯಲ್ಲಿ ಸಿಗುವ ಜೀವಂತ ಟ್ಯೂಬಿಫೆಕ್ಸ್ ಹುಳುಗಳೂ ಕೊಳಚೆಯಲ್ಲೇ ಬೆಳೆಯುವಂಥವು, ರೋಗ ತರಬಹುದು. ಕೆರೆಯ ಮೀನು ಸಾಕಣೆಯಲ್ಲಿ ಕಡಲೆಕಾಯಿ ಹಿಂಡಿ, ಅಕ್ಕಿ ತೌಡು ಹಾಕುವುದನ್ನು ನೋಡಿ ಮನೆಯ ತೊಟ್ಟಿಗೂ ಹಾಕಿದವರಿದ್ದಾರೆ. ಎಕರೆಗಟ್ಟಲೆ ನೀರಿನಲ್ಲಿ ಅದು ಸರಿ, ಎರಡು ಅಡಿ ಗಾಜಿನಲ್ಲಿ ಮಾರನೆಯ ದಿನವೇ ನಾರುತ್ತದೆ. ಬ್ರೆಡ್ಡು, ಬಿಸ್ಕತ್ತು, ಅನ್ನದ ಅಗುಳು ಇವೂ ಅದೇ ಜಾತಿ.

ಹಾಕುವ ಪ್ರಮಾಣಕ್ಕೆ ಪ್ರತಿದಿನ ತಕ್ಕಡಿ ಬೇಡ. ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟನ್ನು ಎರಡು ಹೊತ್ತಿಗೆ ಹಂಚಿ ಹಾಕಿ. ಉಳಿದದ್ದನ್ನು ಆಗಲೇ ತೆಗೆದುಬಿಡಿ. ವಾರಕ್ಕೊಂದು ಏಕಾದಶಿ ಮಾಡಿಸಿ, ಏನೂ ಆಗುವುದಿಲ್ಲ. ಮೀನು ಶೀತರಕ್ತದ ಪ್ರಾಣಿ, ನೀರು ತಣ್ಣಗಾದಷ್ಟೂ ಅದರ ಜೀರ್ಣಶಕ್ತಿ ನಿಧಾನವಾಗುತ್ತದೆ. ಡಿಸೆಂಬರಿನಲ್ಲಿ ಅದು ಊಟ ಬಿಟ್ಟರೆ ಗಾಬರಿಯಾಗದೆ ನೀವೂ ಕಡಿಮೆ ಮಾಡಿ. ಬೇಸಿಗೆಯ ಕಷ್ಟ ಬೇರೆ. 20 ಡಿಗ್ರಿ ಉಷ್ಣತೆಯಲ್ಲಿ ಲೀಟರ್ ನೀರಿನಲ್ಲಿ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಕರಗಬಲ್ಲದು, 30 ಡಿಗ್ರಿಗೆ ಏಳೂವರೆ ಮಾತ್ರ. ಮೀನಿಗೆ ಆಮ್ಲಜನಕ ಹೆಚ್ಚು ಬೇಕಾಗುವುದೂ ಆಗಲೇ. ರಾಯಚೂರು, ಕಲಬುರಗಿ ಕಡೆಯವರು ಏಪ್ರಿಲ್, ಮೇ ತಿಂಗಳಲ್ಲಿ ತೊಟ್ಟಿಯ ಮುಚ್ಚಳ ತೆಗೆದು ಜಾಲರಿ ಹಾಕಿ, ನೀರಿನ ಮೇಲೆ ಫ್ಯಾನಿನ ಗಾಳಿ ಬೀಸುವಂತೆ ಮಾಡಿ. ಮಣ್ಣಿನ ಹೂಜಿ ನೀರನ್ನು ತಂಪಾಗಿಸುವ ತತ್ವವೇ ಇಲ್ಲಿಯದೂ. ಕರೆಂಟು ಹೋದಾಗ ಊಟ ಹಾಕಬೇಡಿ. ಗಂಟೆಗೊಮ್ಮೆ ಲೋಟದಲ್ಲಿ ನೀರು ಮೊಗೆದು ಒಂದು ಗೇಣು ಮೇಲಿನಿಂದ ಸುರಿಯುತ್ತಿದ್ದರೆ ಗಾಳಿ ಬೆರೆಯುತ್ತದೆ.

ಇಷ್ಟೆಲ್ಲ ಸೂಕ್ಷ್ಮವಾದ ಮೀನನ್ನು ಬೋಗುಣಿಯಲ್ಲಿಡುವ ಪದ್ಧತಿ ಬಂದದ್ದಾದರೂ ಹೇಗೆ? ಅದು ಸೂಕ್ಷ್ಮವಲ್ಲ, ಗಟ್ಟಿಮುಟ್ಟು. ಅದೇ ಅದರ ದುರದೃಷ್ಟ. ಸಾವಿರ ವರ್ಷಗಳ ಹಿಂದೆ ಚೀನಾದಲ್ಲಿ ಮಾಸಲು ಬಣ್ಣದ ಕೆರೆಮೀನಿನಿಂದ ಇದನ್ನು ಆರಿಸಿ ಬೆಳೆಸಿದರು. ಹಿಮಗಟ್ಟಿದ ಕೆರೆಯ ತಳದಲ್ಲಿ ಆಮ್ಲಜನಕ ಮುಗಿದುಹೋದರೆ ಈ ಮೀನೂ ಇದರ ಹತ್ತಿರದ ಸೋದರ ಕ್ರೂಷಿಯನ್ ಗೆಂಡೆಯೂ ಸಾಯುವುದಿಲ್ಲ. ದೇಹದಲ್ಲಿ ಸೇರುವ ಲ್ಯಾಕ್ಟಿಕ್ ಆಮ್ಲವನ್ನು ಆಲ್ಕೊಹಾಲಾಗಿ ಮಾರ್ಪಡಿಸಿ ಕಿವಿರಿನಿಂದ ಹೊರಗೆ ಬಿಡುತ್ತವೆ! ಇದರ ಹಿಂದಿನ ಕಿಣ್ವದ ಗುಟ್ಟನ್ನು ವಿಜ್ಞಾನಿಗಳು 2017ರಲ್ಲಿ ಬಿಡಿಸಿದರು. ಬೇರೆ ಮೀನು ಒಂದೇ ದಿನಕ್ಕೆ ಸಾಯುವ ಬೋಗುಣಿಯಲ್ಲಿ ಗೋಲ್ಡ್‌ಫಿಶ್ ವಾರಗಟ್ಟಲೆ ನರಳುತ್ತ ಉಳಿಯುತ್ತದೆ, ನಾವು ಅದನ್ನು "ಚೆನ್ನಾಗಿದೆ" ಎಂದುಕೊಳ್ಳುತ್ತೇವೆ. ಇಟಲಿಯ ಮೊಂಝಾ ನಗರದಲ್ಲಿ 2004ರಲ್ಲಿ ದುಂಡು ಬೋಗುಣಿಯಲ್ಲಿ ಗೋಲ್ಡ್‌ಫಿಶ್ ಇಡುವುದನ್ನೇ ನಿಷೇಧಿಸಿದರು. ಸರಿಯಾಗಿ ನೋಡಿಕೊಂಡರೆ ಹತ್ತು, ಹದಿನೈದು ವರ್ಷ ಬದುಕಿ ಗೇಣುದ್ದ ಬೆಳೆಯುವ ಮೀನು ಇದು. ಇಂಗ್ಲೆಂಡಿನಲ್ಲಿ 1956ರಲ್ಲಿ ಜಾತ್ರೆಯೊಂದರಲ್ಲಿ ಬಹುಮಾನವಾಗಿ ಬಂದ ಟಿಷ್ ಎಂಬ ಗೋಲ್ಡ್‌ಫಿಶ್ ಸತ್ತದ್ದು 1999ರಲ್ಲಿ, 43 ವರ್ಷದ ಮೇಲೆ.

ಆದ್ದರಿಂದ ತಂದೆತಾಯಂದಿರಲ್ಲಿ ಒಂದು ಮಾತು. ಹುಟ್ಟುಹಬ್ಬದ ಸಂಜೆ ಸಂತೋಷಪಡಿಸಲು ಮೀನು ಕೊಡಿಸಬೇಡಿ. ಕೊಡಿಸುವುದೇ ಆದರೆ ಮೊದಲು ತೊಟ್ಟಿ ಕೊಡಿಸಿ, ತಿಂಗಳು ಕಳೆದ ಮೇಲೆ ಮೀನು. ಎರಡು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಅಡಿ ಎತ್ತರದ ತೊಟ್ಟಿಯಲ್ಲಿ ಸುಮಾರು 50 ಲೀಟರ್ ನೀರು ನಿಲ್ಲುತ್ತದೆ. ನಮ್ಮ ಮೊದಲಿನ ಲೆಕ್ಕದ 28 ಮಿಲಿಗ್ರಾಂ ಅಲ್ಲಿ ಲೀಟರಿಗೆ 0.56ಕ್ಕೆ ಇಳಿಯುತ್ತದೆ, ಉಳಿದದ್ದನ್ನು ಬ್ಯಾಕ್ಟೀರಿಯಾಗಳು ನೋಡಿಕೊಳ್ಳುತ್ತವೆ. ಆರಂಭಕ್ಕೆ ಎರಡು ಗುಂಡು ಮೈಯ ಮರಿಗಳಿಗೆ ಅಷ್ಟು ಸಾಕು. 50 ಲೀಟರ್ ಎಂದರೆ ನೀರಿನದೇ 50 ಕಿಲೋ ತೂಕ, ಟಿ.ವಿ. ಸ್ಟ್ಯಾಂಡಿನ ಮೇಲೆ ಇಡಬೇಡಿ. ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಾಯಿಸಿ, ಪೂರ್ತಿ ಬೇಡ.

ನಮ್ಮ ಹುಡುಗಿಯ ಅಪ್ಪ ತೊಟ್ಟಿಗೆ ದುಡ್ಡಿಲ್ಲವೆಂದು ಮೊದಲು ರೇಗಿದರು. ಬಳಿಕ ಮನೆಯಲ್ಲಿದ್ದ 60 ಲೀಟರಿನ ಪ್ಲಾಸ್ಟಿಕ್ ಟಬ್ಬನ್ನು ಚೆನ್ನಾಗಿ ತೊಳೆದು ಅಂಗಳದ ನೆರಳಿನಲ್ಲಿ ಇಟ್ಟುಕೊಟ್ಟರು. ಶೋಧಕಕ್ಕೆ ಹೆಪ್ಪು ನನ್ನ ಸಹೋದ್ಯೋಗಿಯೊಬ್ಬರ ಮನೆಯಿಂದ ಬಂತು. ಮೊದಲ ಮೂರು ವಾರ ಅವಳು ದಿನವೂ ಐದನೇ ಒಂದು ಭಾಗ ನೀರು ಬದಲಾಯಿಸಿದಳು. ಅಂಗಡಿಯಲ್ಲಿ ಸಿಗುವ ಹನಿ ಹಾಕುವ ಪರೀಕ್ಷಾ ಕಿಟ್ಟಿನಿಂದ ಅಮೋನಿಯಾವನ್ನು ನೋಡಿ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಳು. ಇಪ್ಪತ್ತೆರಡನೆಯ ದಿನದ ಪುಟದಲ್ಲಿ ಕೆಂಪು ಶಾಯಿಯಲ್ಲಿ ಸೊನ್ನೆ ಬರೆದು ಸುತ್ತ ಹೂವಿನ ಚಿತ್ರ ಬಿಡಿಸಿದ್ದಾಳೆ.

ದಸರಾ ರಜೆಗೆ ಹತ್ತು ದಿನ ಅಜ್ಜಿಯ ಊರಿಗೆ ಹೊರಟಾಗ ಪಕ್ಕದ ಮನೆಯವರಿಗೆ ಮೀನನ್ನು ಒಪ್ಪಿಸಬೇಕಾಯಿತು. ಡಬ್ಬಿಯನ್ನೇ ಕೊಟ್ಟು ಹೋಗಬೇಡ ಎಂದಿದ್ದೆ. ಆರೋಗ್ಯವಾದ ಗೋಲ್ಡ್‌ಫಿಶ್ ಒಂದು ವಾರ ಊಟವಿಲ್ಲದೆ ಇರಬಲ್ಲದು, ಕನಿಕರದ ನೆರೆಯವರಿಂದ ಉಳಿಯಲಾರದು. ಅವಳು ಒಂದು ದಿನ ಬಿಟ್ಟು ಒಂದು ದಿನಕ್ಕೆಂದು ಐದು ಕಾಗದದ ಪೊಟ್ಟಣ ಕಟ್ಟಿ, ಒಂದೊಂದರ ಮೇಲೂ ತಾರೀಖು ಬರೆದು ಕೊಟ್ಟುಹೋದಳು. ಬಂದು ನೋಡಿದರೆ ಐದೂ ಮುಗಿದಿದ್ದವು. ಜೊತೆಗೆ ಆ ಮನೆಯ ಅಜ್ಜಿ ವಿಜಯದಶಮಿಯ ದಿನ ಸ್ವಲ್ಪ ಚಿತ್ರಾನ್ನವನ್ನೂ ಹಾಕಿದ್ದರಂತೆ. ಅದರ ಸಾಸಿವೆ ತಳದಲ್ಲಿ ಸಿಕ್ಕಿತು. ಮೀನಿಗೆ ಏನೂ ಆಗಿರಲಿಲ್ಲ. ಅರವತ್ತು ಲೀಟರ್ ನೀರು, ನಾಲ್ಕು ತಿಂಗಳ ಸ್ಪಂಜು ಎರಡೂ ಸೇರಿ ಅಜ್ಜಿಯ ಚಿತ್ರಾನ್ನವನ್ನು ಅರಗಿಸಿಕೊಂಡಿದ್ದವು.

ಮೊನ್ನೆ ಮತ್ತೆ ಪ್ರಯೋಗಾಲಯದ ಬಾಗಿಲಿಗೆ ಬಂದಳು. ಮೀನು ಈಗ ನಾಲ್ಕು ಅಂಗುಲ. "ಸಾರ್, ಟಬ್ಬಿಗೆ ಇದು ದೊಡ್ಡದಾದ್ರೆ ಊರ ಕೆರೆಗೆ ಬಿಡಬಹುದಾ?" ಎಂದಳು. ಬಿಡಬಾರದು ಎಂದೆ. ನಮ್ಮ ಕೆರೆಗಳಿಗೆ ಅದು ಹೊರಗಿನದು. ತಳದ ಕೆಸರನ್ನು ಕೆದಕಿ ನೀರನ್ನು ರಾಡಿ ಮಾಡುತ್ತದೆ, ಜಲಸಸ್ಯಗಳನ್ನು ಕಿತ್ತು ತಿನ್ನುತ್ತದೆ, ಬೇರೆ ಮೀನಿನ ಮೊಟ್ಟೆಗಳನ್ನೂ ಬಿಡುವುದಿಲ್ಲ. ಆಸ್ಟ್ರೇಲಿಯದಲ್ಲಿ ಯಾರೋ ಹೀಗೆ ಬಿಟ್ಟ ಗೋಲ್ಡ್‌ಫಿಶ್‌ಗಳು ನದಿಯಲ್ಲಿ ಬೆಳೆದು ಒಂದೂವರೆ ಕಿಲೋ ಮೀರಿವೆ. ಸಾಕಲಾಗದಿದ್ದರೆ ಸಾಕುವವರಿಗೆ ಕೊಡಬೇಕು, ಇಲ್ಲವೇ ಕೊಂಡ ಅಂಗಡಿಗೇ ಮರಳಿಸಬೇಕು.

"ಕೊಡಲ್ಲ ಸಾರ್," ಎಂದಳು. ಅವಳಪ್ಪ ಅಂಗಳದ ಮೂಲೆಯಲ್ಲಿ ನಾಲ್ಕು ಅಡಿಯ ಸಿಮೆಂಟು ತೊಟ್ಟಿ ಕಟ್ಟಲು ಇಟ್ಟಿಗೆ ಎಣಿಸುತ್ತಿದ್ದಾರಂತೆ. ಹೊಸ ಸಿಮೆಂಟು ನೀರನ್ನು ವಿಪರೀತ ಕ್ಷಾರ ಮಾಡುತ್ತದೆ, ಕಟ್ಟಿದ ಮೇಲೆ ಕೆಲವು ವಾರ ನೀರು ತುಂಬಿ ಚೆಲ್ಲುತ್ತಿರಲಿ, ಪಿಎಚ್ ನೋಡಿದ ಮೇಲೆಯೇ ಮೀನು ಬಿಡಲಿ ಎಂದು ಹೇಳಿ ಕಳುಹಿಸಿದ್ದೇನೆ. ಪಿಎಚ್ ಕಾಗದ ನಮ್ಮ ಪ್ರಯೋಗಾಲಯದಲ್ಲಿದೆ.